ಮೇಜಿನ ಮೇಲಿನ ಸೈನ್ಯ: ಹಿಂದಿನ ಸಾಲಿನವರ ಲೆಕ್ಕ

ಚದುರಂಗದಲ್ಲಿ ಎರಡೂ ಕಡೆಯವರಿಗೆ ಸಮಾನ ಸೈನ್ಯ. ಹದಿನಾರು ಕಾಯಿಗಳು, ಪ್ರತಿಯೊಂದಕ್ಕೂ ನಿಗದಿಯಾದ ಮನೆ. ಆಟಗಾರನ ಜಾಣ್ಮೆ ಮೊದಲ ನಡೆಯಿಂದ ಆರಂಭವಾಗುತ್ತದೆ. ಆದರೆ ಆಟಕ್ಕೆ ಕುಳಿತುಕೊಳ್ಳುವ ಮೊದಲೇ, ಕಾಗದ ಪೆನ್ಸಿಲ್ ಹಿಡಿದು ತನ್ನ ಸೈನ್ಯವನ್ನು ತಾನೇ ಕಟ್ಟಬೇಕಾದ ಆಟವೊಂದಿದೆ. ಎಷ್ಟು ತುಕಡಿ, ಒಂದೊಂದರಲ್ಲಿ ಎಷ್ಟು ಮಂದಿ, ಅವರು ಎಷ್ಟು ಅಗಲ ಎಷ್ಟು ಆಳ ನಿಲ್ಲಬೇಕು ಎಂಬುದೆಲ್ಲ ಅಲ್ಲಿ ಆಟಗಾರನ ಜವಾಬ್ದಾರಿ. ಅರ್ಧ ಸೋಲು ಗೆಲುವು ಆ ಕಾಗದದ ಮೇಲೆಯೇ ತೀರ್ಮಾನವಾಗುತ್ತದೆ ಎಂದರೆ ಅತಿಶಯೋಕ್ತಿಯಾಗದು.

ಯುದ್ಧವನ್ನು ಮೇಜಿನ ಮೇಲೆ ತರುವ ಯತ್ನ ಹಳೆಯದು. ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಜ್ 1824ರಲ್ಲಿ ನಕ್ಷೆ ಮತ್ತು ದಾಳ ಬಳಸಿ ಅಧಿಕಾರಿಗಳ ತರಬೇತಿಗೆ ಯುದ್ಧದಾಟವೊಂದನ್ನು ರೂಪಿಸಿದರು. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಆಟಕ್ಕೆ ನಿಯಮ ಬರೆದು ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಪ್ರಕಟಿಸಿದರು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1983ರಲ್ಲಿ ಹೊರತಂದ ‘ವಾರ್‌ಹ್ಯಾಮರ್’ ಇದೇ ಪರಂಪರೆಗೆ ಸೇರಿದ್ದು. ಇಲ್ಲಿ ಮನುಷ್ಯರ ಜತೆಗೆ ಎಲ್ಫ್, ಕುಳ್ಳರು, ಓರ್ಕ್, ಇಲಿಮಾನವರು ಮುಂತಾದ ಕಲ್ಪಿತ ಜನಾಂಗಗಳು ಕಾದಾಡುತ್ತವೆ. ಬೆರಳುದ್ದದ ಗೊಂಬೆಗಳನ್ನು ಆಟಗಾರರೇ ಅಂಟಿಸಿ, ಬಣ್ಣ ಬಳಿದು, ಸಾಲಾಗಿ ನಿಲ್ಲಿಸುತ್ತಾರೆ.

ಅಂಕಗಳ ಬಜೆಟ್

ಪ್ರತಿಯೊಬ್ಬ ಸೈನಿಕನಿಗೂ ಅಂಕಗಳ ರೂಪದಲ್ಲಿ ಬೆಲೆಯಿದೆ. ಇಬ್ಬರೂ ಆಟಗಾರರು ಒಂದು ಮೊತ್ತಕ್ಕೆ, ಉದಾಹರಣೆಗೆ 2000 ಅಂಕಕ್ಕೆ, ಒಪ್ಪಿಕೊಂಡು ಅದರೊಳಗೆ ಸೈನ್ಯ ಕಟ್ಟುತ್ತಾರೆ. 2006ರ ಏಳನೆಯ ಆವೃತ್ತಿಯ ನಿಯಮದಂತೆ ಈ ಮೊತ್ತಕ್ಕೆ ಸಾಮಾನ್ಯ ಸೈನಿಕರ ತುಕಡಿಗಳು ಮೂರಾದರೂ ಇರಲೇಬೇಕಿತ್ತು. ವಿಶೇಷ ತುಕಡಿ ನಾಲ್ಕನ್ನು, ಅಪರೂಪದವು ಎರಡನ್ನು ಮೀರುವಂತಿರಲಿಲ್ಲ. ಸಂಬಳದ ದಿನ ಮೊದಲು ಬಾಡಿಗೆ, ದಿನಸಿಗೆ ತೆಗೆದಿಟ್ಟು, ಉಳಿದದ್ದರಲ್ಲಿ ಮಿಕ್ಕ ಆಸೆ ಪೂರೈಸಿಕೊಳ್ಳುವ ಗೃಹಸ್ಥನ ಲೆಕ್ಕಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಅವರ ಕಣ್ಣು ಮುಂದಿನ ಸಾಲಿನ ಮೇಲೆ. ಐದು ಮಂದಿ ಅಗಲಕ್ಕೆ ನಿಂತ ತುಕಡಿಯಲ್ಲಿ ಹೊಡೆದಾಡುವುದು ಮುಂದಿನ ಐವರು ಮಾತ್ರ. ಹಿಂದೆ ನಿಂತ ಹದಿನೈದು ಮಂದಿಗೆ ಅಂಕ ಸುರಿಯುವುದು ದಂಡವೆಂದು ಅವರಿಗೆ ತೋರುತ್ತದೆ. ಆದರೆ ಲೆಕ್ಕ ಹಾಕಿದರೆ ಬೇರೆಯೇ ಸಂಗತಿ ಕಾಣುತ್ತದೆ.

ಎರಡೂ ಕಡೆ ಕತ್ತಿ, ಗುರಾಣಿ, ಹಗುರ ಕವಚದ ಸಾಮಾನ್ಯ ಸೈನಿಕರಿದ್ದಾರೆ ಎಂದಿಟ್ಟುಕೊಳ್ಳೋಣ. ಏಳನೆಯ ಆವೃತ್ತಿಯಲ್ಲಿ ಇಂಥವರ ಏಟು ತಗಲುವುದು ಎರಡಕ್ಕೊಂದು, ತಗಲಿದ್ದು ಗಾಯವಾಗುವುದು ಎರಡಕ್ಕೊಂದು, ಗಾಯವನ್ನು ಕವಚ ತಡೆಯದಿರುವುದು ಎರಡಕ್ಕೊಂದು. ಐದು ಏಟಿಗೆ ಸರಾಸರಿ ಬೀಳುವವರು 0.6 ಮಂದಿ. ಐವರು ಸೇರಿದರೂ ಒಬ್ಬ ಶತ್ರು ಪೂರ್ತಿ ಬೀಳುವುದಿಲ್ಲ!

ಹಾಗಿದ್ದರೆ ಕಾಳಗ ಗೆಲ್ಲುವುದು ಹೇಗೆ? ಬಿದ್ದವರ ಸಂಖ್ಯೆಗೆ ಇತರ ಗಳಿಕೆಗಳನ್ನು ಕೂಡಿಸಿ ಗೆಲುವು ನಿರ್ಧರಿಸಲಾಗುತ್ತಿತ್ತು. ಮೊದಲ ಸಾಲಿನ ಹಿಂದಿನ ಪ್ರತಿ ಪೂರ್ಣ ಸಾಲಿಗೆ 1, ಹೆಚ್ಚೆಂದರೆ 3. ಧ್ವಜಕ್ಕೆ 1. ಎದುರಾಳಿಗಿಂತ ಹೆಚ್ಚು ಬಲವಿದ್ದರೆ 1. ಅಂದರೆ ಐವರಂತೆ ನಾಲ್ಕು ಸಾಲಿನಲ್ಲಿ ನಿಂತ 20 ಮಂದಿಯ ತುಕಡಿ, ಎರಡು ಸಾಲಿನ 10 ಮಂದಿಯನ್ನು ಎದುರಿಸಿದರೆ ಕತ್ತಿ ಎತ್ತುವ ಮೊದಲೇ ಅದರ ಖಾತೆಯಲ್ಲಿ 5 ಜಮಾ. ಎದುರಾಳಿಗೆ ಒಂದು ಸಾಲು, ಒಂದು ಧ್ವಜ ಸೇರಿ 2. ಬಿದ್ದವರು ಸಮಸಮವಾದರೂ ಸಣ್ಣ ತುಕಡಿ 3ರಿಂದ ಸೋತಿತು.

ಸೋತ ತುಕಡಿ ಎರಡು ದಾಳ ಉರುಳಿಸಿ ಧೈರ್ಯ ಪರೀಕ್ಷೆಗೆ ಒಳಗಾಗಬೇಕು. ನಾಯಕತ್ವ 7 ಇದ್ದು ಅದರಲ್ಲಿ 3 ಕಳೆದರೆ, ಬೀಳಬೇಕಾದದ್ದು 4 ಅಥವಾ ಅದಕ್ಕಿಂತ ಕಡಿಮೆ. ಎರಡು ದಾಳಗಳ 36 ಸಾಧ್ಯತೆಗಳಲ್ಲಿ ಅಂಥವು ಆರು ಮಾತ್ರ. ಉಳಿದ ಮೂವತ್ತರಲ್ಲಿ ತುಕಡಿ ಬೆನ್ನು ತೋರಿಸಿ ಓಡುತ್ತದೆ. ಹಿಂದೆ ಸುಮ್ಮನೆ ನಿಂತವರು ಮಾಡಿದ ಕೆಲಸ ಇದು.

ಇಪ್ಪತ್ತೋ, ಇಪ್ಪತ್ತೈದೋ?

ಗರಿಷ್ಠ ಗಳಿಕೆಗೆ 20 ಮಂದಿ ಸಾಕಾದರೆ ಅನುಭವಿಗಳು 25 ಮಂದಿಯನ್ನು ನಿಲ್ಲಿಸುತ್ತಿದ್ದುದೇಕೆ? ಶತ್ರುವಿನ ಬಾಣ, ಫಿರಂಗಿ ಸುಮ್ಮನಿರುವುದಿಲ್ಲ. ಇಪ್ಪತ್ತರಲ್ಲಿ ಒಬ್ಬ ಬಿದ್ದರೂ ಕೊನೆಯ ಸಾಲು ಅಪೂರ್ಣ. 3 ಇದ್ದದ್ದು 2 ಆಗುತ್ತದೆ. ಇಪ್ಪತ್ತೈದಿದ್ದರೆ ಐವರು ಬಿದ್ದ ಮೇಲೂ ನಾಲ್ಕು ಸಾಲು ಭದ್ರ. ಬಾಣಕ್ಕೆ ನಾಲ್ಕನೆಯ ಒಂದು ಭಾಗ ಒಮ್ಮೆಲೇ ಬಿದ್ದರೆ ತುಕಡಿ ದಿಗಿಲುಗೊಳ್ಳುವ ಪರೀಕ್ಷೆಯೂ ಇದೆ. ಇಪ್ಪತ್ತಕ್ಕೆ ಐವರು, ಇಪ್ಪತ್ತೈದಕ್ಕೆ ಏಳು ಮಂದಿ ಬೀಳಬೇಕು. ಒಬ್ಬನಿಗೆ 6 ಅಂಕವೆಂದರೆ ಹೆಚ್ಚಿನ ಐವರಿಗೆ 30 ಅಂಕ. ಎರಡು ಸಾವಿರದ ಬಜೆಟ್ಟಿನಲ್ಲಿ ಇದು ವಿಮೆಯ ಕಂತು ಇದ್ದಂತೆ. ಎಷ್ಟು ಮಂದಿಯನ್ನು ಕಳೆದುಕೊಂಡರೂ ತುಕಡಿ ನಿಲ್ಲಬಲ್ಲದು ಎಂಬುದೇ ಗಾತ್ರ ನಿರ್ಧರಿಸುವ ಪ್ರಶ್ನೆ.

ಅಗಲವನ್ನೇ ಹೆಚ್ಚಿಸಿ ಹತ್ತು ಮಂದಿಯನ್ನು ಮುಂದೆ ನಿಲ್ಲಿಸಿದರೆ ಹೇಗೆ? ಏಟು ಹೆಚ್ಚಾಗುತ್ತದೆ, ತಿರುಗುವುದು ಕಷ್ಟವಾಗುತ್ತದೆ. ಸೈನಿಕನ ಪೀಠ 20 ಮಿಲಿಮೀಟರ್ ಅಗಲವಿದ್ದರೆ ಐದು ಮಂದಿಗೆ 10 ಸೆಂಟಿಮೀಟರ್. ಕಾಲು ಸುತ್ತು ತಿರುಗಲು ಹೊರತುದಿಯವನು ಸುಮಾರು 16 ಸೆಂಟಿಮೀಟರ್ ನಡೆಯಬೇಕು. ಮನುಷ್ಯ ಸೈನಿಕನ ದಾಪುಗಾಲಿನ ನಡಿಗೆ 8 ಇಂಚು, ಅಂದರೆ ಸುಮಾರು 20 ಸೆಂಟಿಮೀಟರ್. ಒಂದು ಸರದಿಯಲ್ಲಿ ಕೆಲಸ ಮುಗಿಯಿತು. ಹತ್ತು ಮಂದಿ ಅಗಲದ ತುಕಡಿಯಲ್ಲಾದರೋ ಹೊರಗಿನವನು 31 ಸೆಂಟಿಮೀಟರ್ ಕ್ರಮಿಸಬೇಕು. ಅಷ್ಟರಲ್ಲಿ ಶತ್ರು ಪಕ್ಕದಲ್ಲಿರುತ್ತಾನೆ.

ಪಕ್ಕದ ಭಯ

ಪಕ್ಕದಿಂದ ಬರುವ ಪೆಟ್ಟು ಎಂಥದೆಂಬುದಕ್ಕೆ ಹಿಂದಿನ ಉದಾಹರಣೆಯನ್ನೇ ನೋಡೋಣ. ಸೋಲುತ್ತಿದ್ದ ಆ ಹತ್ತು ಮಂದಿಗೆ ಐವರು ಕುದುರೆ ಸವಾರರು ಜತೆಯಾಗಿ ದೊಡ್ಡ ತುಕಡಿಯ ಪಕ್ಕಕ್ಕೆ ಎರಗಿದರೆ, ಸಾಲುಗಳ 3 ಅಂಕ ರದ್ದು. ಒಬ್ಬ ಸವಾರನದು ಇಬ್ಬರ ಬಲವಾದ್ದರಿಂದ ಬಲವೂ 20ಕ್ಕೆ 20 ಸಮ. ದೊಡ್ಡ ತುಕಡಿಗೆ ಉಳಿದದ್ದು ಧ್ವಜದ 1. ಎದುರಾಳಿಗೆ ಪಕ್ಕದ ದಾಳಿಯ 1 ಸೇರಿ 3. ಐದು ಎರಡರ ಲೆಕ್ಕ ಒಂದು ಮೂರಾಗಿ ಬುಡಮೇಲು!

ಆದ್ದರಿಂದಲೇ ದೊಡ್ಡ ತುಕಡಿಯನ್ನು ಒಂಟಿಯಾಗಿ ಬಿಡುವುದಿಲ್ಲ. ಆಟದ ‘ಎಂಪೈರ್’ ಸೈನ್ಯದಲ್ಲಿ ಮುಖ್ಯ ತುಕಡಿಯ ಅರ್ಧ ಮೀರದ ಉಪತುಕಡಿಗಳನ್ನು ಅಕ್ಕಪಕ್ಕ ನಿಲ್ಲಿಸಬಹುದು. ಮುಖ್ಯ ತುಕಡಿಯ ಮೇಲೆ ಶತ್ರು ಎರಗಿದರೆ ಇವರು ಅವನ ಪಕ್ಕಕ್ಕೆ ನುಗ್ಗುತ್ತಾರೆ. ‘ಬ್ರೆಟೋನಿಯಾ’ದ ಸವಾರರು ಮೂರು ಮೂರರಂತೆ ಆಳವಾಗಿ ನಿಂತು ಭರ್ಜಿಯಂತೆ ನುಗ್ಗುತ್ತಾರೆ. ಇಲಿಮಾನವರಿಗೆ ಹಿಂದಿನ ಸಾಲುಗಳೇ ಧೈರ್ಯ. ಸಾಲು ಕರಗಿದಂತೆ ಎದೆಯೂ ಕರಗುತ್ತದೆ. ಆಯಾ ಜನಾಂಗದ ಸ್ವಭಾವಕ್ಕೆ ತಕ್ಕಂತೆ ವ್ಯೂಹ.

ಮಹಾಭಾರತ ಬಲ್ಲವರಿಗೆ ಇದು ಹೊಸತಲ್ಲ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದ ‘ಪತ್ತಿ’ಯಿಂದ ಆರಂಭವಾಗಿ 21,870 ರಥಗಳ ಅಕ್ಷೌಹಿಣಿಯವರೆಗೆ ನಮ್ಮಲ್ಲಿಯೂ ತುಕಡಿಗಳ ಲೆಕ್ಕವಿತ್ತು. ಯಕ್ಷಗಾನ, ತಾಳಮದ್ದಳೆಗಳಲ್ಲಿ ಅಭಿಮನ್ಯುವಿನ ಕಥೆ ಕೇಳಿದವರಿಗೆ ಜಯದ್ರಥನ ಪಾತ್ರವೂ ನೆನಪಿರುತ್ತದೆ. ಚಕ್ರವ್ಯೂಹ ಭೇದಿಸಿದ ಬಾಲಕನ ಪರಾಕ್ರಮಕ್ಕೆ ಕೊರತೆಯಿರಲಿಲ್ಲ. ಹಿಂದೆ ಬರಬೇಕಿದ್ದ ಪಾಂಡವರನ್ನು ಜಯದ್ರಥ ಬಾಗಿಲಲ್ಲೇ ತಡೆದ. ಕಥೆ ಅಲ್ಲಿಗೆ ಮುಗಿಯಿತು.

ನಿಯಮ ಬದಲಾದಾಗ

ಇಷ್ಟೆಲ್ಲ ಲೆಕ್ಕ ಹಾಕಿ ಕಟ್ಟಿದ ಸೈನ್ಯದ ಬೆಲೆ ನಿಯಮಪುಸ್ತಕದ ಆಯುಷ್ಯದಷ್ಟೇ ಎಂಬುದು ಈ ಹವ್ಯಾಸದ ಕಹಿ ಸತ್ಯ. 2010ರ ಎಂಟನೆಯ ಆವೃತ್ತಿಯಲ್ಲಿ ಎದುರಾಳಿಗಿಂತ ಹೆಚ್ಚು ಸಾಲುಗಳಿರುವ ತುಕಡಿ ಎಷ್ಟೇ ಅಂತರದಿಂದ ಸೋತರೂ ಪೂರ್ಣ ನಾಯಕತ್ವದ ಮೇಲೆ ಪರೀಕ್ಷೆ ಎದುರಿಸಬಹುದು ಎಂದಾಯಿತು. ನಾಯಕತ್ವ 7ಕ್ಕೆ 36ರಲ್ಲಿ 21 ಸಾಧ್ಯತೆ! ಪಕ್ಕದ ದಾಳಿಗೆ ಸಾಲುಗಳ ಗಳಿಕೆ ರದ್ದುಪಡಿಸಬೇಕಾದರೆ ದಾಳಿಕೋರರಿಗೆ ಎರಡು ಪೂರ್ಣ ಸಾಲು ಬೇಕಾಯಿತು. ಐವರು ಸವಾರರ ತಂತ್ರಕ್ಕೆ ಬೆಲೆಯಿಲ್ಲವಾಯಿತು. ಹತ್ತು ಮಂದಿ ಅಗಲದ ತುಕಡಿಗೆ ಹೆಚ್ಚುವರಿ ಸಾಲಿನಿಂದ ಹೊಡೆಯುವ ಅವಕಾಶವೂ ಸಿಕ್ಕಿತು. ಇಪ್ಪತ್ತೈದರ ತುಕಡಿಗಳು ನಲುವತ್ತು, ಐವತ್ತಕ್ಕೆ ಬೆಳೆದವು. ಗೊಂಬೆಗಳ ಖರ್ಚೂ, ಬಣ್ಣ ಬಳಿಯುವ ರಾತ್ರಿಗಳೂ ಜತೆಗೇ ಬೆಳೆದವು.

2015ರಲ್ಲಿ ಸಂಸ್ಥೆ ಆ ಆಟವನ್ನೇ ನಿಲ್ಲಿಸಿ ‘ಏಜ್ ಆಫ್ ಸಿಗ್ಮಾರ್’ ತಂದಿತು. ದುಂಡು ಪೀಠ, ಸಾಲುಗಳ ಕಟ್ಟುಪಾಡಿಲ್ಲ, ಆರಂಭದಲ್ಲಿ ಅಂಕಗಳೂ ಇಲ್ಲ. ವರ್ಷಗಟ್ಟಲೆ ಶ್ರಮಿಸಿ ಐವತ್ತು ಮಂದಿಯ ತುಕಡಿ ಕಟ್ಟಿದವರಿಗೆ ಅದನ್ನು ಸಾಲಾಗಿ ನಿಲ್ಲಿಸಲು ಕಾರಣವೇ ಉಳಿಯಲಿಲ್ಲ. ಕೆಲವರು ಹಳೆಯ ನಿಯಮಪುಸ್ತಕವನ್ನೇ ಹಿಡಿದು ಆಡಿದರು. ಕೆಲವರು ಮ್ಯಾಂಟಿಕ್ ಸಂಸ್ಥೆಯ ‘ಕಿಂಗ್ಸ್ ಆಫ್ ವಾರ್’ ಕಡೆ ಹೊರಳಿದರು. ಅಲ್ಲಿ ಕಾಲಾಳುಗಳ ತುಕಡಿಗೆ 10, 20, 40 ಎಂದು ಗಾತ್ರ ಮೊದಲೇ ನಿಗದಿ; ಆಟದ ನಡುವೆ ಗೊಂಬೆ ತೆಗೆಯುವ ಗೋಜಿಲ್ಲ. 2024ರ ಜನವರಿಯಲ್ಲಿ ಗೇಮ್ಸ್ ವರ್ಕ್‌ಶಾಪ್ ‘ದಿ ಓಲ್ಡ್ ವರ್ಲ್ಡ್’ ಹೆಸರಿನಲ್ಲಿ ಸಾಲುಗಳ ಆಟವನ್ನು ಮರಳಿ ತಂದಿತು. ಅಟ್ಟ ಸೇರಿದ್ದ ಪೆಟ್ಟಿಗೆಗಳು ಕೆಳಗಿಳಿದವು. ಆದರೆ ಪೀಠ ಈಗ 20ರ ಬದಲು 25 ಮಿಲಿಮೀಟರ್. ಹಳೆಯ ಸೈನಿಕರಿಗೆ ಹೊಸ ತಟ್ಟೆ ಮಾಡಿಸಬೇಕಾಯಿತು.

ನಮ್ಮ ಮಕ್ಕಳಲ್ಲಿ ಯಾರಾದರೂ ಈ ಹವ್ಯಾಸಕ್ಕೆ ಮನಸೋತಿದ್ದರೆ ಹೆತ್ತವರು ಗಾಬರಿಯಾಗಬೇಕಿಲ್ಲ. ಕೈಗೆ ಕುಸುರಿ, ತಲೆಗೆ ಗಣಿತ, ಎದುರಿಗೆ ಜೀವಂತ ಗೆಳೆಯ, ಇಷ್ಟು ಒಟ್ಟಿಗೆ ಸಿಗುವ ಆಟಗಳು ಕಡಿಮೆ. ಆದರೆ ಪೆಟ್ಟಿಗೆ ಕೊಳ್ಳುವ ಮೊದಲು ರಟ್ಟನ್ನು 25 ಮಿಲಿಮೀಟರ್ ಚೌಕಗಳಾಗಿ ಕತ್ತರಿಸಿ, ಎದುರಾಳಿಯ ಒಪ್ಪಿಗೆ ಪಡೆದು, ನಾಲ್ಕಾರು ಆಟ ಆಡಿ ನೋಡಲಿ. ಇಪ್ಪತ್ತು ಸಾಕೋ, ಇಪ್ಪತ್ತೈದು ಬೇಕೋ ಎಂಬುದು ರಟ್ಟಿನಲ್ಲಿಯೇ ತಿಳಿಯುತ್ತದೆ. ಮೊದಲು ಒಂದೇ ತುಕಡಿ ಕೊಂಡು, ಅದಕ್ಕೆ ಪೂರ್ತಿ ಬಣ್ಣ ಬಳಿದ ಬಳಿಕವೇ ಎರಡನೆಯದಕ್ಕೆ ಕೈಹಾಕಲಿ. ನಿಯಮ ನಾಳೆ ಬದಲಾದರೂ ಆಗ ನಷ್ಟ ಕೈಮೀರುವುದಿಲ್ಲ.