ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ

ವಯನಾಡು ಜಿಲ್ಲೆಯ ನೂಲ್ಪುಳ ಪಂಚಾಯತು ಮೂರು ರಾಜ್ಯಗಳ ಅಂಚಿನಲ್ಲಿದೆ. ಮುತ್ತಂಗದ ಕಾಡು ದಾಟಿದರೆ ಗುಂಡ್ಲುಪೇಟೆ. ಇನ್ನೊಂದು ಮಗ್ಗುಲಿಗೆ ತಮಿಳುನಾಡಿನ ನೀಲಗಿರಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಉಂಟು. ಇಂಥ ಎಡೆಯಲ್ಲಿ ಕನ್ನಡದ ಒಂದು ಕಡತ ಕಳೆದುಹೋದರೆ, ಅದರ ಇನ್ನೊಂದು ಪ್ರತಿ ಬೇರೆಲ್ಲೋ ಇದ್ದೀತೆಂದು ನೆಮ್ಮದಿಯಿಂದ ಇರುವಂತಿಲ್ಲ. ಕಾಸರಗೋಡಿನಿಂದ ನೂಲ್ಪುಳದ ತನಕ ಕೇರಳದ ಕನ್ನಡಿಗರೆಲ್ಲರಿಗೂ ಈ ಮಾತು ಅನ್ವಯಿಸುತ್ತದೆ.

1998ರಲ್ಲಿ ‘ಬರಹ’ ಬಂದಿತು. ಆ ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಅಂದಿನಿಂದ ನಮ್ಮವರು ಶಾಲೆಯ ಪ್ರಶ್ನೆಪತ್ರಿಕೆ, ಸಂಘದ ಸ್ಮರಣ ಸಂಚಿಕೆ, ಮನೆತನದ ವಂಶಾವಳಿ, ಹಿರಿಯರು ಹೇಳಿ ಬರೆಸಿದ ಹಾಡುಗಳು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಟೈಪು ಮಾಡಿ ಇಟ್ಟಿದ್ದಾರೆ. ಅವುಗಳಲ್ಲಿ ಎಷ್ಟೋ ಇಂದು ವಿಂಡೋಸ್ 98 ಅಥವಾ ಎಕ್ಸ್‌ಪಿಯ ಹಳೆಯ ಪೆಟ್ಟಿಗೆಗಳೊಳಗೆ ಧೂಳು ತಿನ್ನುತ್ತಿವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ ಮುಗಿದುದರಿಂದ ಹೊಸ ಯಂತ್ರ ಕೊಳ್ಳುವವರು ಹೆಚ್ಚು. ಮೂಲೆಯ ಹಳೆಯ ಪೆಟ್ಟಿಗೆ ಗುಜರಿಗೆ ಹೋಗುವುದು ಇಂಥ ಸಮಯದಲ್ಲೇ.

‘ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಸಾಲದೆ?’ ಎಂದು ವಾಚಕರು ಕೇಳಬಹುದು. ಸಾಲದು. ಅಂದಿನ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. 1991ರ ಯೂನಿಕೋಡಿನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಮುದ್ರಣದವರು ನೆಚ್ಚಿದ ಪೇಜ್‌ಮೇಕರ್ ಕೊನೆಯ ತನಕ ಕನ್ನಡ ಯೂನಿಕೋಡನ್ನು ಅರಿಯಲಿಲ್ಲ. ಅದರ ಕಡೆಯ ಆವೃತ್ತಿ 2001ರದು. ಆದುದರಿಂದ ಕಡತದೊಂದಿಗೆ ಅದರ ಫಾಂಟು, ತಂತ್ರಾಂಶ, ವಿಂಡೋಸು ಎಲ್ಲವೂ ಉಳಿಯಬೇಕು.

ಇದಕ್ಕೆ ಉಪಾಯವಿದೆ. ಅದರ ಹೆಸರು ವರ್ಚುವಲ್ ಮಷೀನ್. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರು ಎಂದರ್ಥ. ಪತ್ತಾಯವನ್ನು ಭತ್ತ ಸಮೇತ ಹೊಸ ಮನೆಗೆ ಎತ್ತಿ ತಂದಂತೆ. ಇದು ಹೊಸ ವಿದ್ಯೆಯೇನಲ್ಲ. ಐಬಿಎಂ ಕಂಪೆನಿ 1972ರಲ್ಲೇ ತನ್ನ ದೊಡ್ಡ ಯಂತ್ರಗಳಿಗೆ ಇಂಥ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತ್ತು. ಇಂದು ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಎಕ್ಸ್‌ಪಿಗೆ 128 ಎಂಬಿ ಮೆಮೊರಿ ಸಾಕೆಂದಿದ್ದ ಕಾಲ ಅದು. 8 ಜಿಬಿಯ ಇಂದಿನ ಯಂತ್ರಕ್ಕೆ ಅದೊಂದು ಭಾರವೇ ಅಲ್ಲ.

ಮಾಡುವ ಬಗೆ

ಹಳೆಯ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡಬೇಡಿ. ಸವೆದ ಹಾರ್ಡ್‌ಡಿಸ್ಕ್ ಯಾವ ಗಳಿಗೆಯಲ್ಲೂ ನಿಂತೀತು. ಅದನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರಿನ ಮೂಲಕ ಬೇರೊಂದು ಯಂತ್ರಕ್ಕೆ ಜೋಡಿಸಿ, ಇಡೀ ಡಿಸ್ಕಿನ ನಕಲನ್ನು ಒಂದೇ ಕಡತವಾಗಿ ತೆಗೆಯಬೇಕು. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿನಕ್ಸಿನಲ್ಲಿ ಇದಕ್ಕೆ ‘ಡಿಡಿ’ ಎಂಬ ಆಜ್ಞೆ ಇದೆ. ಎಲ್ಲಿಂದ ಎಲ್ಲಿಗೆ ಎಂಬುದನ್ನು ತಿರುವುಮುರುವು ಮಾಡಿದರೆ ಇದ್ದದ್ದೂ ಅಳಿಸಿಹೋಗುತ್ತದೆ. ಬಲ್ಲವರನ್ನು ಹತ್ತಿರ ಕೂರಿಸಿಕೊಳ್ಳಿ. ಹೀಗೆ ತೆಗೆದ ನಕಲನ್ನು ವರ್ಚುವಲ್‌ಬಾಕ್ಸಿಗೆ ಹೊಂದುವ ರೂಪಕ್ಕೆ ತಂದು, ಅದರಲ್ಲಿ ಡಿಸ್ಕಾಗಿ ಜೋಡಿಸಿದರಾಯಿತು.

ಮೊದಲ ಸಲ ನೀಲಿ ಪರದೆ ಬಂದರೆ ಗಾಬರಿ ಬೇಡ. ಡಿಸ್ಕನ್ನು ‘ಸಾಟಾ’ ಬದಲು ‘ಐಡಿಇ’ಗೆ ಜೋಡಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಬೇರೆ ಯಂತ್ರಕ್ಕೆ ಬಂದೆನೆಂದು ಎಕ್ಸ್‌ಪಿ ಪರವಾನಗಿ ಸಂಖ್ಯೆಯನ್ನು ಪುನಃ ಕೇಳೀತು; ಹಳೆಯ ಪೆಟ್ಟಿಗೆಗೆ ಅಂಟಿಸಿದ ಚೀಟಿಯಿಂದ ಅದನ್ನು ಮೊದಲೇ ಬರೆದಿಡಿ. ಕೆಲವು ಡಿಟಿಪಿ ತಂತ್ರಾಂಶಗಳಿಗೆ ಪ್ರಿಂಟರಿನ ಕಿಂಡಿಗೆ ಸಿಕ್ಕಿಸುವ ಬೀಗವೊಂದಿರುತ್ತಿತ್ತು. ಅದಿದ್ದರೆ ಕೆಲಸ ತೊಡಕಿನದು. ಆ ಬೀಗವನ್ನಂತೂ ಎಸೆಯಬೇಡಿ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿರುವುದರಿಂದ ಒಳಗಿನ ಯಂತ್ರಕ್ಕೆ ಇಂಟರ್‌ನೆಟ್ ಕೊಡಲೇಬಾರದು.

ಮುಂದಿನ ಕೆಲಸ

ಇಷ್ಟಕ್ಕೆ ಕೈತೊಳೆದುಕೊಳ್ಳುವಂತಿಲ್ಲ. ವರ್ಚುವಲ್ ಮಷೀನ್ ನಮಗೆ ಕೊಡುವುದು ಸಮಯವನ್ನು ಮಾತ್ರ. ಆ ಸಮಯದಲ್ಲಿ ಒಂದೊಂದೇ ಕಡತವನ್ನು ತೆರೆದು ಯೂನಿಕೋಡಿಗೆ ತಿರುಗಿಸಬೇಕು. ತಿರುಗಿಸುವ ತಂತ್ರಾಂಶಗಳಿವೆ, ಆದರೆ ಅವು ಎಡವುವ ಜಾಗಗಳೂ ಇವೆ. ‘ಧರ್ಮ’ ಎಂಬ ಪದದಲ್ಲಿ ಹಳೆಯ ಕಡತ ಮೊದಲು ‘ಮ’ ಇಟ್ಟು ಅನಂತರ ಅರ್ಕಾವತ್ತು ಇಡುತ್ತದೆ. ಯೂನಿಕೋಡಿನಲ್ಲಿ ‘ರ್’ ಮೊದಲು, ‘ಮ’ ಅನಂತರ. ಇಂಥಲ್ಲಿ ಒತ್ತಕ್ಷರ ಸ್ಥಾನ ತಪ್ಪಿದರೆ ಪದವೇ ಕೆಡುತ್ತದೆ. ಹಳೆಯ ಪರದೆಯಲ್ಲಿ ಮೂಲ ಸರಿಯಾಗಿ ಕಾಣುತ್ತಿದ್ದರೆ ಮಾತ್ರ ಹೋಲಿಸಿ ತಿದ್ದಲು ಸಾಧ್ಯ. ಇಡೀ ಯಂತ್ರವನ್ನೇ ಉಳಿಸಿಕೊಳ್ಳಬೇಕು ಎನ್ನುವುದು ಈ ಕಾರಣಕ್ಕೆ.

ತಂತ್ರದ ಕೆಲಸವನ್ನು ಹತ್ತನೆಯ ತರಗತಿಯ ಚುರುಕು ಹುಡುಗ ಹುಡುಗಿಯರು ಹಿರಿಯರೊಬ್ಬರ ಮೇಲ್ನೋಟದಲ್ಲಿ ಕಲಿತಾರು. ಆದರೆ ಹಾಡಿನ ಸಾಲು ಹೀಗೆಯೇ ಇತ್ತು, ವಂಶಾವಳಿಯ ಈ ಹೆಸರು ಇದೇ ಎಂದು ಹೇಳಬಲ್ಲವರು ಅದನ್ನು ಬರೆಸಿದ ಅಜ್ಜ ಅಜ್ಜಿಯರು, ಟೈಪು ಮಾಡಿದ ಮಾಸ್ತರರು. ಕಡತಗಳು ಹೊಸ ಯಂತ್ರದಲ್ಲಿ ಹತ್ತು ವರ್ಷ ಕಾದಾವು. ಅವರನ್ನು ಅಷ್ಟು ಕಾಲ ಕಾಯಿಸುವಂತಿಲ್ಲ. ಈ ರಜೆಯಲ್ಲೇ ಮಕ್ಕಳನ್ನೂ ಅವರನ್ನೂ ಒಂದೇ ಪರದೆಯ ಮುಂದೆ ಕೂರಿಸಿರಿ. ತಿದ್ದಿದ ಪ್ರತಿಗಳನ್ನು ಎರಡು ಮೂರು ಮನೆಗಳಲ್ಲಿ ಇಡಿ, ಕಾಗದದ ಮೇಲೂ ಒಂದು ಪ್ರತಿ ಇರಲಿ. ಆ ಬಳಿಕ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಕೊಡಬಹುದು.