ಪೆಟ್ರಿಕೋರ್ ಅಂದ್ರೆ ಏನೋ?

ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದ ಸಂಜೆ ವಾಟ್ಸಾಪ್ ಸ್ಟೇಟಸ್‌ಗೆ ಒಂದೇ ಪದ ಹಾಕಿದ್ದೆ: ಪೆಟ್ರಿಕೋರ್. ಸ್ವಲ್ಪ ಹೊತ್ತಿಗೆ ಪಕ್ಕದ ರೂಮಿನಿಂದ ಅಪ್ಪ ಕೂಗಿದರು, "ಲೋ, ಅದೇನೋ ಪೆಟ್ರೋಲ್ ಥರ ಹಾಕಿದೀಯಲ್ಲ, ಏನೋ ಅದು?"

"ಮಳೆ ಬಿದ್ದಾಗ ಮಣ್ಣಿನ ವಾಸನೆ ಬರತ್ತಲ್ಲಪ್ಪ, ಅದು" ಅಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಕೋವಿಡ್ ಬಂದು ಹೋದಮೇಲೆ ಅಪ್ಪನಿಗೆ ಯಾವ ವಾಸನೆಯೂ ಗೊತ್ತಾಗುವುದಿಲ್ಲ.

"ಅದಕ್ಕೂ ಒಂದು ಹೆಸರಿದೆಯಾ?" ಅಂದರು. ಇಬ್ಬರೂ ಕೂತು ಹುಡುಕಿದೆವು.

ಪದಕ್ಕೆ ಅಂಥ ವಯಸ್ಸೇನೂ ಆಗಿಲ್ಲ. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 'ನೇಚರ್' ಪತ್ರಿಕೆಯ ಲೇಖನವೊಂದರಲ್ಲಿ ಇದನ್ನು ಬಳಕೆಗೆ ತಂದರು. ಗ್ರೀಕ್‌ನಲ್ಲಿ ಪೆಟ್ರಾ ಅಂದರೆ ಬಂಡೆ. ಐಕೋರ್ ಅಂದರೆ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ದ್ರವ. ಒಣಹವೆಯಲ್ಲಿ ಗಿಡಮರಗಳಿಂದ ಬರುವ ಎಣ್ಣೆಯಂಥ ಅಂಶವನ್ನು ಮಣ್ಣು, ಕಲ್ಲು ಹೀರಿಕೊಂಡಿರುತ್ತವೆ. ಮಳೆ ಬಿದ್ದಾಗ ಅದು ಹೊರಬರುತ್ತದೆ. ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ಜಿಯೋಸ್ಮಿನ್ ಕೂಡ ಜೊತೆಗೆ ಸೇರುತ್ತದೆ. 2011ರಲ್ಲಿ ನೀಲ್ ಗೈಮನ್ ಬರೆದ 'ಡಾಕ್ಟರ್ ಹೂ' ಸಂಚಿಕೆಯೊಂದರಲ್ಲಿ ಈ ಪದ ಬಂತು. ನನ್ನಂಥವರಿಗೆ ಪರಿಚಯವಾದದ್ದು ಹಾಗೆ.

ಪದ ಹೊಸದಾದರೂ ವಾಸನೆ ನಮ್ಮ ಸಾಹಿತ್ಯಕ್ಕೆ ಹಳೆಯದು. ಬೇಂದ್ರೆ ಕನ್ನಡಕ್ಕೆ ತಂದ ಕಾಳಿದಾಸನ ಮೇಘದೂತದಲ್ಲಿ, ನೆಲದ ಗಂಧ ಮೂಸುತ್ತಾ ಹೋಗುವ ಪ್ರಾಣಿಗಳೇ ಮೋಡ ಸಾಗಿದ ದಾರಿ ತೋರಿಸುತ್ತವೆ.

"ಬಂಡೆ ಅಂದ್ಯಲ್ಲ? ನಮ್ಮ ಮಾವಳ್ಳಿಯಲ್ಲಿ ಅದಕ್ಕೇನು ಬರ!" ಅಂದರು ಅಪ್ಪ. ಮರುದಿನ ಮೋಡ ಕಟ್ಟಿದ್ದೇ ಲಾಲ್‌ಬಾಗ್‌ಗೆ ಹೊರಡಿಸಿದರು. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಕಾದ ಕಲ್ಲಿನ ಮೇಲೆ ನಾಲ್ಕು ಹನಿ ಬಿದ್ದವು. ಗಮ್ಮೆಂದಿತು.

ಅಪ್ಪ ಜೋರಾಗಿ ಉಸಿರೆಳೆದುಕೊಂಡರು. ಆಮೇಲೆ ತಲೆಯಾಡಿಸಿದರು. "ಊಹೂಂ. ನೀನೇ ಹೇಳೋ, ಹೇಗಿದೆ?"

ಪೆಟ್ರಿಕೋರ್ ಅಂದರೆ ಅವರಿಗೆ ಏನು ಸಿಗತ್ತೆ? ಯೋಚಿಸಿ ಹೇಳಿದೆ: "ಬೇಸಿಗೇಲಿ ಅಜ್ಜಿ ಹೊಸ ಮಡಕೆ ತಂದು ಮೊದಲ ಸಲ ನೀರು ತುಂಬಿಸ್ತಿದ್ರಲ್ಲಪ್ಪ, ಹಾಗೆ."

ಅಪ್ಪ ಕಣ್ಣು ಮುಚ್ಚಿಕೊಂಡರು. "ಹೂಂ," ಅಂದರು, "ಗೊತ್ತಾಯ್ತು."

ಮಳೆ ಜೋರಾಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು.