ತರಬೇತಿಯ ಫಲ ತರಗತಿಯಲ್ಲಿ ಕಾಣಲಿ



ಪ್ರತಿವರ್ಷ ಸೆಪ್ಟೆಂಬರ್ 5ರಂದು ನಾವು ಶಿಕ್ಷಕರಿಗೆ ಹೂ ಕೊಟ್ಟು ಗೌರವಿಸುತ್ತೇವೆ. ಅದೇ ಶಿಕ್ಷಕರು ತರಬೇತಿಗೆಂದು ನಾಲ್ಕು ದಿನ ಶಾಲೆ ಬಿಟ್ಟರೆ, ಮಕ್ಕಳ ಪಾಠ ಹಾಳಾಯಿತೆಂದು ಗೊಣಗುತ್ತೇವೆ. ಹಾಗಾದರೆ ಶಿಕ್ಷಕರ ಕಲಿಕೆಗೂ ಮಕ್ಕಳ ಕಲಿಕೆಗೂ ಸಂಬಂಧವಿಲ್ಲವೇ?

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 91.12 ಫಲಿತಾಂಶದೊಂದಿಗೆ ಮೊದಲ ಸ್ಥಾನದಲ್ಲಿತ್ತು. ನಮ್ಮ ಕಲಬುರಗಿ ಶೇ. 42.43ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಇದಕ್ಕೆ ಶಿಕ್ಷಕರನ್ನೇ ದೂರುವುದು ನ್ಯಾಯವಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬಡತನವಿದೆ. ಕುಟುಂಬ ಗುಳೆ ಹೋದರೆ ಮಗು ತಿಂಗಳುಗಟ್ಟಲೆ ಶಾಲೆಗೆ ಬರುವುದಿಲ್ಲ. ತಾಂಡಾದ ಮಗುವಿನ ಮನೆಮಾತು ಲಂಬಾಣಿ; ಗಡಿಯ ಊರುಗಳಲ್ಲಿ ಮರಾಠಿ, ಉರ್ದುವೂ ಉಂಟು. ಇಂಥ ತರಗತಿಯನ್ನು ನಿಭಾಯಿಸಲು ಎಂದೋ ಪಡೆದ ಡಿ.ಎಡ್., ಬಿ.ಎಡ್. ಪದವಿಯೊಂದೇ ಸಾಲದು. ಆದ್ದರಿಂದಲೇ ಸೇವೆಯಲ್ಲಿರುವಾಗಲೂ ಶಿಕ್ಷಕರು ಕಲಿಯುತ್ತಿರಬೇಕು.

ನಲಿ-ಕಲಿಯ ಉದಾಹರಣೆ ನೋಡೋಣ. 1990ರ ದಶಕದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನೊಂದಿಗೆ ಇದು ಆರಂಭವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳ ಕ್ರಮವನ್ನು ಕಂಡು, ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ಬಂತು. ಇದರಲ್ಲಿ ಪಾಠಗಳು ಏಣಿಯ ಮೆಟ್ಟಿಲುಗಳಂತೆ ಇರುತ್ತವೆ. ಪ್ರತಿ ಮಗು ತನ್ನ ವೇಗದಲ್ಲಿ ಹತ್ತುತ್ತದೆ. ಗುಳೆಯಿಂದ ಮರಳಿದ ಮಗು ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆದರೆ ಆ ಮೆಟ್ಟಿಲು ಯಾವುದೆಂದು ಗುರುತಿಸಲು ಬಲ್ಲ ಶಿಕ್ಷಕರು ಬೇಕು. ಅವರಿಲ್ಲದಿದ್ದರೆ ಏಣಿ ಗೋಡೆಯ ಮೇಲಿನ ಚಿತ್ರವಾಗಿ ಉಳಿಯುತ್ತದೆ.

ಹಾಗಾದರೆ ಎಲ್ಲ ತರಬೇತಿಯೂ ಫಲ ಕೊಡುವುದೇ? ಇಲ್ಲ. ಮೂರು ವಿಷಯಗಳು ಅಗತ್ಯ.

ಮೊದಲನೆಯದಾಗಿ, ಅದು ತರಗತಿಯ ನಿಜವಾದ ತೊಡಕಿನಿಂದ ಹುಟ್ಟಬೇಕು. ಕನ್ನಡ ಬಾರದ ಮಗುವಿಗೆ ಓದು ಕಲಿಸುವುದು ಹೇಗೆಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಭಾಷಣ ಉತ್ತರವಾಗದು.

ಎರಡನೆಯದಾಗಿ, ಕಲಿತದ್ದನ್ನು ತರಗತಿಯಲ್ಲಿ ಮಾಡಿ ನೋಡಬೇಕು. ಅನುಭವಿಯೊಬ್ಬರು ಬಂದು ನೋಡಿ ತಿದ್ದಬೇಕು. ಕಮಲಾಪುರದ ಡಯಟ್, ತಾಲ್ಲೂಕಿನ ಬಿ.ಆರ್.ಸಿ., ಕ್ಲಸ್ಟರಿನ ಸಿ.ಆರ್.ಪಿ. ಇರುವುದು ಇದಕ್ಕಾಗಿಯೇ.

ಮೂರನೆಯದಾಗಿ, ಮುಖ್ಯ ಗುರುಗಳ ಬೆಂಬಲ ಬೇಕು. ಮರಳಿ ಬಂದವರು ಕಲಿತದ್ದನ್ನು ಸಹೋದ್ಯೋಗಿಗಳೊಂದಿಗೆ ಹಂಚಿಕೊಳ್ಳಲು ವಾರದಲ್ಲಿ ಒಂದು ಗಂಟೆಯಾದರೂ ಸಿಗಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ಕಲಿಕೆಯನ್ನು ಸೂಚಿಸಿತು. ಗಂಟೆಗಳ ಲೆಕ್ಕ ತುಂಬಿದರೆ ಪ್ರಮಾಣಪತ್ರ ಸಿಕ್ಕೀತು. ಮಗು ಓದಲು ಕಲಿತರೆ ಮಾತ್ರ ಅದು ಸಾರ್ಥಕ.

ಇದರಲ್ಲಿ ಪಾಲಕರಾದ ನಮ್ಮ ಪಾತ್ರವೂ ಇದೆ. ಸರ್ಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಇದೆ, ಅದರ ಸಭೆಗೆ ತಪ್ಪದೆ ಹೋಗೋಣ. ಧರ್ಮಕೇಂದ್ರಗಳ ಶಾಲೆಗಳನ್ನು ನಡೆಸುವ ನಾವು ಕಟ್ಟಡ, ಬಣ್ಣಗಳಿಗೆ ಹಣ ಎತ್ತಿಡುವಂತೆ ಶಿಕ್ಷಕರ ಕಲಿಕೆಗೂ ಎತ್ತಿಡೋಣ. ತರಬೇತಿಯಿಂದ ಮರಳಿದ ಮಾಸ್ತರರನ್ನು, ಅಕ್ಕೋರನ್ನು "ಎಷ್ಟು ದಿನ ರಜೆ ಹಾಕಿದಿರಿ?" ಎಂದು ಕೇಳದೆ, "ಹೊಸದೇನು ಕಲಿತಿರಿ? ಮನೆಯಲ್ಲಿ ನಾವೇನು ಮಾಡಬೇಕು?" ಎಂದು ಪ್ರೀತಿಯಿಂದ ಕೇಳೋಣ. ಶಿಕ್ಷಕರ ದಿನದಂದು ನಾವು ಅವರಿಗೆ ಸಲ್ಲಿಸಬಹುದಾದ ಉತ್ತಮ ಗೌರವ ಇದೇ.